ಮೂವತ್ತಕ್ಕೆ ಮೌತ್ ಆರ್ಗನ್

ಮೌತ್ ಆರ್ಗನ್ ಕಲಿಯೋದು ಸುಲಭ ಅಂತ ಯಾರಾದ್ರೂ ಹೇಳಿದರೆ ಅರ್ಧ ಮಾತ್ರ ನಂಬಿ. ಊದಿದರೆ ಒಂದು ಸ್ವರ, ಉಸಿರು ಒಳಗೆಳೆದರೆ ಇನ್ನೊಂದು, ನಿಜ. ಆದರೆ ತುಟಿ ಸ್ವಲ್ಪ ಅಗಲವಾದರೂ ಪಕ್ಕದ ರಂಧ್ರವೂ ಕೂಗುತ್ತದೆ. ಒಂದೇ ಸ್ವರ ಸ್ವಚ್ಛವಾಗಿ ಹೊರಡಿಸಲು ನನಗೆ ಮೂರು ವಾರ ಹಿಡಿಯಿತು.

ನನ್ನದು 10 ರಂಧ್ರದ, ಸಿ ಶ್ರುತಿಯ ಡಯಾಟೋನಿಕ್. ಕೊಳ್ಳುವವರು ಅದನ್ನೇ ಕೊಳ್ಳಿ, ಹೊಸಬರ ಪಾಠಗಳು ಹೆಚ್ಚಾಗಿ ಅದಕ್ಕೇ ಇರುತ್ತವೆ. ಇದರ ಕೆಳಗಿನ ಸ್ಥಾಯಿಯಲ್ಲಿ ಮ, ದ ಇಲ್ಲ! ಉಸಿರು ಬಗ್ಗಿಸಿ ಅವನ್ನು ಹೊರಡಿಸುವ 'ಬೆಂಡಿಂಗ್' ಇದೆ, ನಮ್ಮಂಥ ಹೊಸಬರಿಗಲ್ಲ. ನಾಲ್ಕನೇ ರಂಧ್ರದಿಂದ ಏಳರವರೆಗೆ ಮಾತ್ರ ಏಳೂ ಸ್ವರ ಸಾಲಾಗಿ ಸಿಗುತ್ತವೆ. ಅಲ್ಲೂ ಒಂದು ತಕರಾರು. ನಾಲ್ಕು, ಐದು, ಆರರಲ್ಲಿ ಮೊದಲು ಊದಿ ಆಮೇಲೆ ಎಳೆಯಬೇಕು. ಏಳರಲ್ಲಿ ಉಲ್ಟಾ: ಎಳೆದರೆ ನಿ, ಆಮೇಲೆ ಊದಿದರೆ ಮೇಲಿನ ಸ. ಕೋಡ್ ಬರೆಯುವವನಿಗೆ ಇಂಥ ಎಕ್ಸೆಪ್ಷನ್ ಕಂಡರೆ ತಲೆಬಿಸಿ.

ದಾರಿ ತೋರಿಸಿದ್ದು ಅಮ್ಮ. ಮದುವೆಯಾದ ಮೇಲೆ ಸಂಗೀತ ಬಿಟ್ಟವರು. ಅವರು ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಮೋಹನ ನುಡಿಸೋ, ಅದಕ್ಕೆ ಮ, ನಿ ಬೇಡ" ಅಂದರು. ಹೌದಲ್ಲ! ಸ ರಿ ಗ ಪ ದ ಸ: ಊದು, ಎಳೆ, ಊದು, ಊದು, ಎಳೆ, ಊದು. ಏಳರ ತಕರಾರೇ ಇಲ್ಲ. ಗಮಕ ನನ್ನ ಕೈಲಿ ಆಗಲ್ಲ, ಅದು ಬೇರೆ ಮಾತು.

ಈಗ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನುಡಿಸ್ತೀನಿ. ಮೊದಮೊದಲು ನನ್ನನ್ನು ತಿದ್ದಲಷ್ಟೇ ಗುನುಗುತ್ತಿದ್ದ ಅಮ್ಮ ಈಗ ಬಾಯಿಬಿಟ್ಟು ಹಾಡ್ತಾರೆ. ಮೊನ್ನೆ ಉಸಿರು ಸಾಲದೆ ನಾನು ನಿಲ್ಲಿಸಿದೆ. ಅವರು ನಿಲ್ಲಿಸಲಿಲ್ಲ.