ಮನೋರೋಗ ಚಿಕಿತ್ಸಾಲಯಗಳಲ್ಲಿ ವ್ಯಾಯಾಮ: ಒಂದು ಐತಿಹಾಸಿಕ ವಿವೇಚನೆ

ಆಸ್ಪತ್ರೆಯಲ್ಲಿರುವ ಮನೋರೋಗಿಗೆ ಔಷಧದೊಡನೆ ವ್ಯಾಯಾಮವೂ ಅಗತ್ಯವೆಂಬ ವಿಚಾರವು ತೀರ ಈಚಿನದೆಂದು ಹಲವರು ಭಾವಿಸುವುದುಂಟು. ಚರಿತ್ರೆಯನ್ನು ಅವಲೋಕಿಸಿದರೆ ಅದಕ್ಕೆ ಇನ್ನೂರು ವರ್ಷಗಳಿಗೂ ಮಿಕ್ಕ ಪ್ರಾಚೀನತೆಯಿರುವುದು ವಿದಿತವಾಗುತ್ತದೆ. ಆದರೆ ಈ ದೀರ್ಘಾವಧಿಯಲ್ಲಿ ವ್ಯಾಯಾಮ, ದುಡಿಮೆ ಎಂಬ ಎರಡು ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತುಹೋದವು. ಅವುಗಳನ್ನು ಬೇರ್ಪಡಿಸಿ ನೋಡುವುದೇ ಇಲ್ಲಿ ನಮ್ಮ ಉದ್ದೇಶ.

1796ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಚಹಾ ವರ್ತಕನಾದ ವಿಲಿಯಂ ಟ್ಯೂಕನು ‘ರಿಟ್ರೀಟ್’ ಎಂಬ ಚಿಕಿತ್ಸಾಲಯವನ್ನು ತೆರೆದನು. ರೋಗಿಗಳನ್ನು ಸರಪಳಿಯಿಂದ ಬಿಗಿಯುವುದು ಸಾಮಾನ್ಯವಾಗಿದ್ದ ಆ ಕಾಲದಲ್ಲಿ, ಅಲ್ಲಿ ನಡಿಗೆ, ತೋಟದ ಕೆಲಸಗಳು ಉಪಚಾರದ ಅಂಗಗಳಾದವು. ಅವನ ಮೊಮ್ಮಗ ಸ್ಯಾಮ್ಯುಯೆಲನು 1813ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪದ್ಧತಿಯು ದೂರದೂರಕ್ಕೆ ಹಬ್ಬಿತು. ಫಿಲಡೆಲ್ಫಿಯದ ವೈದ್ಯ ಬೆಂಜಮಿನ್ ರಷ್ ಸಹ 1812ರ ತನ್ನ ಗ್ರಂಥದಲ್ಲಿ, ಸೌದೆ ಕಡಿದು ತೋಟ ಅಗೆಯುವ ರೋಗಿಗಳು ಅನೇಕವೇಳೆ ಗುಣಹೊಂದುವರೆಂದೂ, ಅಂತಸ್ತಿನ ಕಾರಣದಿಂದ ಅಂಥ ಕೆಲಸ ಮಾಡದವರು ಆಸ್ಪತ್ರೆಯಲ್ಲಿಯೇ ಸೊರಗುವರೆಂದೂ ಬರೆದನು.

ತೊಡಕು ಪ್ರಾರಂಭವಾದುದು ಇಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಬೃಹತ್ ಆಸ್ಪತ್ರೆಗಳಲ್ಲಿ ಹೊಲ, ಅಡಿಗೆಮನೆ, ಬಟ್ಟೆ ಒಗೆಯುವ ಕಟ್ಟೆಗಳಲ್ಲಿ ರೋಗಿಗಳೇ ದುಡಿದರು. ಸಂಸ್ಥೆಯ ವೆಚ್ಚ ತಗ್ಗಿತು. ಚಿಕಿತ್ಸೆಯೆಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು. ಕಡೆಗೆ 1973ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯವೊಂದು ಇಂಥ ರೋಗಿಗಳಿಗೂ ಕನಿಷ್ಠ ವೇತನದ ನಿಯಮವು ಅನ್ವಯಿಸುವುದೆಂದು ತೀರ್ಪಿತ್ತಿತು. ಆಗ ಅಲ್ಲಿನ ಅನೇಕ ಆಸ್ಪತ್ರೆಗಳು ವೇತನ ಕೊಡುವ ಬದಲು ಕೆಲಸವನ್ನೇ ನಿಲ್ಲಿಸಿದವು. ಅನ್ಯಾಯವೇನೋ ತೊಲಗಿತು, ಆದರೆ ಅದರೊಡನೆ ರೋಗಿಯ ದೇಹಕ್ಕೆ ದೊರೆಯುತ್ತಿದ್ದ ಚಲನೆಯೂ ಇಲ್ಲವಾಯಿತು. ದುಡಿಮೆಯ ನೆರಳಿನಲ್ಲಿದ್ದ ವ್ಯಾಯಾಮಕ್ಕೆ ಸ್ವತಂತ್ರವಾದ ಸ್ಥಾನವನ್ನು ಯಾರೂ ಕಲ್ಪಿಸಿರಲಿಲ್ಲವೆಂಬುದೇ ಇದಕ್ಕೆ ಕಾರಣ.

ಈ ಸ್ಥಾನದ ಅಗತ್ಯವು ಇಂದು ಮತ್ತಷ್ಟು ಹೆಚ್ಚಿದೆ. ಮನೋರೋಗದ ಕೆಲವು ಔಷಧಗಳಿಂದ ದೇಹದ ತೂಕವೂ ಮಧುಮೇಹದ ಸಂಭವವೂ ಹೆಚ್ಚುತ್ತವೆ. ತೀವ್ರ ಮನೋರೋಗಿಗಳ ಆಯುಸ್ಸು ಇತರರಿಗಿಂತ 10ರಿಂದ 20 ವರ್ಷಗಳಷ್ಟು ಕಡಮೆಯೆಂದೂ, ಇದಕ್ಕೆ ಬಹುಮಟ್ಟಿಗೆ ಹೃದ್ರೋಗಾದಿ ದೈಹಿಕ ವ್ಯಾಧಿಗಳೇ ಕಾರಣವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಭಾಗವಹಿಸಿ 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸ್ಕಿಜೋಫ್ರೇನಿಯ ರೋಗಿಗಳಿಗೆ ಔಷಧದ ಜೊತೆಗೆ ಯೋಗವನ್ನೂ ಸಾಮಾನ್ಯ ವ್ಯಾಯಾಮವನ್ನೂ ಕಲಿಸಿ ಹೋಲಿಸಲಾಯಿತು; ಯೋಗದ ಫಲವು ಹೆಚ್ಚೆಂದು ಕಂಡುಬಂದಿತು. ಇವು ಔಷಧಕ್ಕೆ ಪೂರಕಗಳೇ ಹೊರತು ಬದಲಿಗಳಲ್ಲ ಎಂಬುದನ್ನು ಮರೆಯಲಾಗದು.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 20ನೆಯ ಪ್ರಕರಣವು ರೋಗಿಯನ್ನು ಬಲವಂತದಿಂದ ದುಡಿಸಲಾಗದೆಂದೂ, ದುಡಿದರೆ ತಕ್ಕ ಪ್ರತಿಫಲ ಸಲ್ಲಬೇಕೆಂದೂ ವಿಧಿಸಿ, ವಿರಾಮ ವಿನೋದಗಳ ಸೌಕರ್ಯವನ್ನೂ ಅವನ ಹಕ್ಕೆಂದು ಮನ್ನಿಸಿದೆ. ಯಾವ ಆಸ್ಪತ್ರೆಯನ್ನು ಕುರಿತಾದರೂ ನಾವು ಕೇಳಬೇಕಾದ ಪ್ರಶ್ನೆಗಳು ಎರಡು: ಈ ಶ್ರಮದ ಫಲವು ಯಾರಿಗೆ ಸಲ್ಲುತ್ತದೆ? ಒಲ್ಲೆನೆನ್ನುವ ಸ್ವಾತಂತ್ರ್ಯವು ರೋಗಿಗೆ ಇದೆಯೆ? ಇವಕ್ಕೆ ದೊರೆಯುವ ಉತ್ತರದಿಂದಲೇ ವ್ಯಾಯಾಮವಾವುದು, ದುಡಿಮೆಯಾವುದು ಎಂಬುದು ನಿರ್ಣಯವಾಗುತ್ತದೆ.