ಬಿಸಿ ಯಾರಿಗೆ ಒಗ್ಗುತ್ತದೆ?

ಅರವತ್ತು ದಾಟಿದ ಗಂಡಸರ ದೂರು ಬೀದರಿನ ಚಿದ್ರಿಯಲ್ಲೂ ಒಂದೇ, ಬೆಂಗಳೂರಿನಲ್ಲೂ ಒಂದೇ. ಬೀದರ್ ಕಡೆಯ ಮಾತಿನಲ್ಲಿ ಹೇಳುವುದಾದರೆ, “ರಾತ್ರಿ ನಾಕೈದು ಸಲ ಏಳ್ತೀನ್ರಿ ಸಾಹೇಬ್ರ, ಹೋಗಿ ನಿಂತ್ರ ಧಾರೀನೇ ಬರಂಗಿಲ್ಲ.” ಮೂತ್ರನಾಳವನ್ನು ಸುತ್ತುವರಿದು ಕೂತಿರುವ ಪ್ರಾಸ್ಟೇಟ್ ಗ್ರಂಥಿ ವಯಸ್ಸಾದಂತೆ ಊದಿಕೊಳ್ಳುತ್ತದೆ. ಹರೆಯದಲ್ಲಿ ಸುಮಾರು 20 ಮಿಲಿಲೀಟರ್ ಇದ್ದದ್ದು ಕೆಲವರಲ್ಲಿ 80, 100 ಆಗುತ್ತದೆ. ಮಾತ್ರೆಗೆ ಬಗ್ಗದಿದ್ದರೆ ನಮ್ಮಲ್ಲಿ ಹೆಚ್ಚಾಗಿ ಮಾಡುವುದು ಮೂತ್ರನಾಳದ ಮೂಲಕ ಗ್ರಂಥಿಯನ್ನು ಕೊಯ್ದು ತೆಗೆಯುವ ಟಿಯುಆರ್‌ಪಿ, ಜನ ಕರೆಯುವಂತೆ ದುರ್ಬೀನ್ ಆಪರೇಷನ್.

ಕೊಯ್ಯದೆ ಬಿಸಿಯಿಂದಲೇ ಗ್ರಂಥಿಯನ್ನು ಕುಗ್ಗಿಸುವ ದಾರಿಯೂ ಇದೆ. ತುದಿಯಲ್ಲಿ ಪುಟ್ಟ ಮೈಕ್ರೋವೇವ್ ಆಂಟೆನಾ ಇರುವ ಕ್ಯಾಥೆಟರನ್ನು ಮೂತ್ರನಾಳದೊಳಗೆ ತೂರಿಸುತ್ತಾರೆ. ನಾಳ ಸುಡದಿರಲೆಂದು ಕ್ಯಾಥೆಟರಿನೊಳಗೆ ತಣ್ಣೀರು ಸುತ್ತುತ್ತಿರುತ್ತದೆ. ಅದರಾಚೆಗಿನ ಗ್ರಂಥಿ ಮಾತ್ರ ಕಾಯುತ್ತದೆ. 45 ಡಿಗ್ರಿ ದಾಟಿದ ಮೇಲೆ ಜೀವಕೋಶಗಳು ಸಾಯತೊಡಗುತ್ತವೆ. ಅಮೆರಿಕದ ಎಫ್‌ಡಿಎ ಇಂಥ ಮೊದಲ ಯಂತ್ರ ‘ಪ್ರಾಸ್ಟಾಟ್ರಾನ್’ಗೆ ಒಪ್ಪಿಗೆ ಕೊಟ್ಟಿದ್ದು 1996ರಲ್ಲಿ.

ಯಂತ್ರ ಅದೇ, ಶಾಖವೂ ಅಷ್ಟೇ. ಆದರೂ ಒಬ್ಬರಿಗೆ ಧಾರೆ ಸಲೀಸಾಯಿತು, ಇನ್ನೊಬ್ಬರಿಗೆ ಏನೂ ಆಗಲಿಲ್ಲ. ಯಾರಿಗೆ ಫಲಿಸುತ್ತದೆಂದು ಮೊದಲೇ ಹೇಳಲು ಬರುತ್ತದೆಯೇ? ನೆದರ್ಲೆಂಡ್ಸ್‌ನ ನೈಮೇಗನ್ ವೈದ್ಯರು ತೊಂಬತ್ತರ ದಶಕದಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದರು. ರೋಗ ಹಗುರಾಗಿದ್ದವರಿಗೇ ಬೇಗ ಗುಣ ಎಂದು ನಾವು ಎಣಿಸುತ್ತೇವಲ್ಲ, ಅಲ್ಲಿ ಕಂಡದ್ದು ಅದರ ತಿರುವುಮುರುವು. ಗ್ರಂಥಿ ತೀರ ಚಿಕ್ಕದಾಗಿದ್ದು, ತಡೆಯೂ ಅಷ್ಟಕ್ಕಷ್ಟೇ ಇದ್ದವರಿಗೆ ಬಿಸಿ ಒಗ್ಗಲಿಲ್ಲ. ನಿಜವಾಗಿಯೂ ಕಟ್ಟಿಕೊಂಡಿದ್ದವರಿಗೆ ಒಗ್ಗಿತು.

ಇದರ ಗುಟ್ಟು ಒಂದು ಸಣ್ಣ ಲೆಕ್ಕದಲ್ಲಿದೆ. ಮೂತ್ರ ಹೊರಡುವಾಗ ಮೂತ್ರಕೋಶದ ಸ್ನಾಯು ಎಷ್ಟು ಒತ್ತಡ ಹಾಕುತ್ತದೆಂದು ಅಳೆದು, ಅದರಿಂದ ಧಾರೆಯ ಗರಿಷ್ಠ ವೇಗದ ಎರಡರಷ್ಟನ್ನು ಕಳೆಯುತ್ತಾರೆ. ಉತ್ತರ 40 ದಾಟಿದರೆ ದಾರಿಯಲ್ಲಿ ತಡೆ ಇದೆ, 20ಕ್ಕಿಂತ ಕಡಿಮೆಯಾದರೆ ಇಲ್ಲ. ಇಬ್ಬರು ಹಿರಿಯರನ್ನು ಊಹಿಸಿಕೊಳ್ಳಿ. ಇಬ್ಬರ ಧಾರೆಯೂ ಸೆಕೆಂಡಿಗೆ 8 ಮಿಲಿಲೀಟರ್. ಒಬ್ಬರ ಒತ್ತಡ 80, ಉತ್ತರ 64. ಇನ್ನೊಬ್ಬರದು 30, ಉತ್ತರ 14. ಮೊದಲಿನವರದು ಗ್ರಂಥಿಯ ತೊಂದರೆ, ಎರಡನೆಯವರದು ಸೋತ ಸ್ನಾಯು. ಅದು ಹಳೆಯ ಸಕ್ಕರೆ ಕಾಯಿಲೆಯಿಂದಲೂ ಆಗಿರಬಹುದು. ಎರಡನೆಯವರ ಗ್ರಂಥಿಗೆ ಎಷ್ಟು ಬಿಸಿ ಕೊಟ್ಟರೇನು?

ಇನ್ನೊಂದು ತೊಡಕು ರಕ್ತದ್ದು. ನಲ್ಲಿ ನೀರಿನಡಿ ಹಿಡಿದ ತವೆಯನ್ನು ಕಾಯಿಸಲು ಹೋದಂತೆ, ರಕ್ತ ಜೋರಾಗಿ ಹರಿಯುವ ಗ್ರಂಥಿಯಲ್ಲಿ ಶಾಖ ನಿಲ್ಲುವುದಿಲ್ಲ. ಈ ಹರಿವು ಒಬ್ಬೊಬ್ಬರಲ್ಲಿ ಒಂದೊಂದು ಥರ, ಸಾಲದ್ದಕ್ಕೆ ಚಿಕಿತ್ಸೆಯ ನಡುವೆಯೇ ಬದಲಾಗುತ್ತದೆ. ಸ್ವೀಡನ್ನಿನ ‘ಕೋರ್‌ಥರ್ಮ್’ ಯಂತ್ರ ಮುಂಚಿತ ಊಹೆಯನ್ನೇ ನೆಚ್ಚಿಕೊಂಡು ಕೂರಲಿಲ್ಲ. ಗ್ರಂಥಿಯೊಳಗೇ ಉಷ್ಣಮಾಪಕದ ಸೂಜಿ ಚುಚ್ಚಿ, ಎಷ್ಟು ಅಂಗಾಂಶ ಸತ್ತಿತೆಂದು ಆಗಲೇ ಲೆಕ್ಕ ಹಾಕಿ, ಸಾಕಾದಾಗ ನಿಲ್ಲಿಸುವ ಏರ್ಪಾಡು ಅದರದು. ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಕೊಟ್ಟರೆ ಕೆಲಸ ಇನ್ನೂ ಬೇಗ ಮುಗಿಯುತ್ತದೆ. ನನ್ನನ್ನು ಕೇಳಿದರೆ ಜಾಣತನ ಇದೇ.

ಈಗ ಮೈಕ್ರೋವೇವ್ ಹಿಂದೆ ಸರಿದಿದೆ. 9 ಸೆಕೆಂಡು ನೀರಾವಿ ಚುಚ್ಚುವ ‘ರೆಜೂಮ್’ ಮುಂದೆ ಬಂದಿದೆ. ಎರಡರಲ್ಲೂ ಫಲ ಮರುದಿನವೇ ಕಾಣದು. ಗ್ರಂಥಿ ಮೊದಲು ಬಾತುಕೊಳ್ಳುತ್ತದೆ, ಕೆಲವು ದಿನ ಕ್ಯಾಥೆಟರ್ ಬೇಕಾಗುತ್ತದೆ, ಸತ್ತ ಅಂಗಾಂಶ ಕರಗಲು ವಾರಗಟ್ಟಲೆ ಹಿಡಿಯುತ್ತದೆ. ಇನ್ನೊಂದು ತಮಾಷೆಯೆಂದರೆ, ಬಿಸಿಯನ್ನೇ ಕೊಡದೆ ಬರೀ ಕ್ಯಾಥೆಟರ್ ಹಾಕಿ ತೆಗೆದ ಪರೀಕ್ಷೆಗಳಲ್ಲೂ ಹಲವರು ‘ಈಗ ಎಷ್ಟೋ ವಾಸಿ’ ಎಂದಿದ್ದಾರೆ! ಹಾಗಾಗಿ ಬರೀ ಮಾತು ನಂಬದೆ ಧಾರೆಯನ್ನೂ ಅಳೆಯಬೇಕು.

ಅಳೆಯುವುದಕ್ಕೂ ಕ್ರಮವಿದೆ. ಒಂದು ಸಲಕ್ಕೆ ಕನಿಷ್ಠ 150 ಮಿಲಿಲೀಟರ್ ಹೋಗದಿದ್ದರೆ ಧಾರೆ ಅಳೆಯುವ ಯೂರೋಫ್ಲೋ ಪರೀಕ್ಷೆಯ ಅಂಕಿಗೆ ಬೆಲೆಯಿಲ್ಲ. ಬಸ್ಸಿನಲ್ಲಿ ಹೈದರಾಬಾದಿನವರೆಗೂ ತಡೆದುಕೊಂಡು ಹೋಗಿ ನಿಂತರೂ ಲೆಕ್ಕ ತಪ್ಪುತ್ತದೆ, ಅತಿಯಾಗಿ ಹಿಗ್ಗಿದ ಮೂತ್ರಕೋಶ ಸರಿಯಾಗಿ ಹಿಂಡುವುದಿಲ್ಲ. ದೊಡ್ಡ ಊರಿನ ಚಿಕಿತ್ಸೆಗೆ ಹೊರಡುವ ಮೊದಲು ಚಿದ್ರಿಯ ಹಿರಿಯರು ಊರಿನ ವೈದ್ಯರನ್ನು ಕೇಳಬೇಕಾದ್ದು ಯಂತ್ರದ ಹೆಸರನ್ನಲ್ಲ: “ನನ್ನ ತೊಂದರಿ ಗ್ರಂಥೀದೋ, ಮೂತ್ರಕೋಶದ್ದೋ ಸಾಹೇಬ್ರ?”