ಹೇರು ಇಳಿಸಿದ ಮೇಲೂ ನಡೆಯುವವರು

ಫೆಬ್ರುವರಿ ಎರಡನೇ ವಾರ. ನ್ಯಾಮತಿ ದಾಟಿದರೆ ಮೆಕ್ಕೆಜೋಳ ಕುಯ್ದ ಹೊಲಗಳು ರಸ್ತೆಯ ಎರಡೂ ಮಗ್ಗುಲಿಗೆ ಬೋಳಾಗಿ ಬಿದ್ದಿವೆ. ಅವುಗಳಾಚೆ ಮಲೆನಾಡಾಗಲೋ ಬಯಲಾಗಲೋ ಎಂದು ಇನ್ನೂ ತೀರ್ಮಾನಿಸದ ಕುರುಚಲು ಗುಡ್ಡಗಳು. ಎಲೆಯೆಲ್ಲ ಉದುರಿಸಿ ಹೂವನ್ನಷ್ಟೇ ಹೊತ್ತ ಮುತ್ತುಗದ ಮರಗಳು. ಈ ದಾರಿಯಲ್ಲಿ ನಸುಕಿನಿಂದಲೇ ಬಿಳಿ ಬಾವುಟ ಹಿಡಿದವರ ಸಾಲು. ಕೊರಳಲ್ಲಿ ಮಾಲೆ, ಹೆಗಲಿಗೊಂದು ಚೀಲ. ಕೆಲವರ ಕಾಲಿಗೆ ಚಪ್ಪಲಿಯೂ ಇಲ್ಲ. ಜಗಳೂರಿನ ಒಣಸೀಮೆಯಿಂದ ಬಂದವರಿದ್ದಾರೆ, ಚನ್ನಗಿರಿಯ ತಾಂಡಾಗಳವರಿದ್ದಾರೆ, ಹೊನ್ನಾಳಿಯಲ್ಲಿ ತುಂಗಭದ್ರೆ ದಾಟಿ ಬಂದ ಉತ್ತರದ ಜಿಲ್ಲೆಗಳವರೂ ಇದ್ದಾರೆ. ಎಲ್ಲರೂ ಹೊರಟಿರುವುದು ಸೂರಗೊಂಡನಕೊಪ್ಪಕ್ಕೆ. ಬಂಜಾರರ ಬಾಯಲ್ಲಿ ಅದು ಭಾಯಾಗಡ. 1739ರ ಫೆಬ್ರುವರಿ 15ರಂದು ಭೀಮಾನಾಯಕ ಮತ್ತು ಧರ್ಮಿಣಿಯರ ಮಗನಾಗಿ ಸಂತ ಸೇವಾಲಾಲರು ಹುಟ್ಟಿದ್ದು ಇಲ್ಲೇ ಎಂಬುದು ಇವರ ಗಟ್ಟಿ ನಂಬಿಕೆ.

ದಾರಿ ತೋರಿಸಲು ನನ್ನ ಜೊತೆಗಿದ್ದವರು ತಾಂಡಾದವರೇ ಆದ ನಿವೃತ್ತ ಮೇಷ್ಟ್ರು. ಡಾಂಬರು ಬಿಟ್ಟು ಹೊಲದ ಬದುವಿಗೆ ಇಳಿಸಿದರು. ‘ಗಾಡಿ ಬರೋ ದಾರೀಲಿ ನಡದ್ರೆ ನಮ್ಮೋರು ಹೆಂಗ್ ನಡೀತಿದ್ರು ಅಂತ ಗೊತ್ತಾಗಲ್ಲ ಬಿಡ್ರಿ’ ಎಂದರು. ಮುತ್ತುಗದ ಕೆಳಗೆ ನಿಂತು ಒಂದು ಹೂ ಹೆಕ್ಕಿ ಕೈಗಿಟ್ಟರು. ಹೋಳಿ ಹಬ್ಬಕ್ಕೆ ಇದೇ ಹೂವಿನ ಬಣ್ಣ. ಆ ದಿನಗಳಲ್ಲಿ ತಾಂಡಾದ ಗಂಡಸರು, ಹೆಂಗಸರು ಸುತ್ತು ಕಟ್ಟಿ ಲೇಂಗಿ ಹಾಡುತ್ತ ಕುಣಿಯುತ್ತಾರೆ. ದೀಪಾವಳಿಗೆ ಬೇರೆಯದೇ ಸಂಭ್ರಮ. ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಶುಭ ಕೋರುತ್ತಾರೆ, ಮಾರನೆಯ ದಿನ ಗುಂಪಾಗಿ ಕಾಡಿಗೆ ನುಗ್ಗಿ ಹೂ ತರುತ್ತಾರೆ. ಈಗ ಕಾಡು ದೂರ ಸರಿದಿದೆ, ಹುಡುಗಿಯರು ಕಾಲೇಜು ಹಾಸ್ಟೆಲಿನಲ್ಲಿದ್ದಾರೆ. ಹಬ್ಬಕ್ಕೆ ಮಾತ್ರ ಹೇಗೋ ಊರು ಸೇರುತ್ತಾರಂತೆ.

ಹೀಗೆ ದೂರ ಹೋದರೂ ತಮ್ಮತನ ಬಿಡದವರು ಬೇರೆಡೆಯೂ ಇದ್ದಾರೆ. ಯುರೋಪಿನ ಆಲ್ಪ್ಸ್‌ನಲ್ಲಿ ವಾಲ್ಸರ್ ಎಂಬ ಜನರಿದ್ದಾರೆ. ಸ್ವಿಟ್ಜರ್‌ಲೆಂಡಿನ ವಾಲೆ ಕಣಿವೆಯಿಂದ ಏಳೆಂಟು ಶತಮಾನಗಳ ಹಿಂದೆ ದನಕರುಗಳೊಂದಿಗೆ ಹೊರಟು, ಯಾರೂ ಬೇಡವೆಂದ ಎತ್ತರದ ಕಣಿವೆಗಳಲ್ಲಿ ನೆಲೆ ನಿಂತವರು. ಹಲವೆಡೆ ಸುತ್ತ ಇಟಾಲಿಯನ್ ಮಾತಿದ್ದರೂ ತಮ್ಮ ಹಳೆಯ ಜರ್ಮನ್ ನುಡಿಯನ್ನು ಬಿಡದವರು. ಅವರ ಮರದ ಮನೆಗಳನ್ನು ನೋಡಲು ಇಂದು ಪ್ರವಾಸಿಗರು ಮಾರ್ಗದರ್ಶಕರ ಹಿಂದೆ ಚಾರಣ ಹೋಗುತ್ತಾರೆ. ನಮ್ಮ ಬಂಜಾರರೂ ತಮ್ಮ ನುಡಿಯಾದ ಗೋರ್‌ಬೋಲಿಯನ್ನು ಕನ್ನಡ, ತೆಲುಗು, ಮರಾಠಿಗಳ ನಡುವೆ ಹಾಗೆಯೇ ಕಾಪಾಡಿಕೊಂಡು ಬಂದವರು. ಆದರೆ ಇವರು ಗುಡ್ಡದ ಮೇಲೆ ಕಟ್ಟಿದ್ದಕ್ಕಿಂತ ಗುಡ್ಡದ ನಡುವೆ ನಡೆದದ್ದೇ ಹೆಚ್ಚು. ಮನೆ ನೋಡಿ ಇವರನ್ನು ಅರಿಯುತ್ತೇನೆ ಎಂದರೆ ಆಗದು, ಜೊತೆಗೆ ಹೆಜ್ಜೆ ಹಾಕಬೇಕು.

ಇವರ ಪೂರ್ವಿಕರ ಕಸುಬು ಲದೇಣಿ. ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ಕರಾವಳಿಯಿಂದ ಬಯಲಿಗೆ, ಬಯಲಿನಿಂದ ದಂಡಿನ ಪಾಳೆಯಕ್ಕೆ ಸಾಗಿಸುವುದು. ಸಾವಿರಾರು ಎತ್ತುಗಳ ಹಿಂಡು, ಅದರ ಬೆನ್ನಿಗೆ ಹೆಂಗಸರು ಮಕ್ಕಳು, ಮುಂದೆ ನಾಯಕ. 1791ರಲ್ಲಿ ಟಿಪ್ಪುವಿನ ಮೇಲೆ ಏರಿಬಂದ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಹಸಿದಾಗ ಕಾಳು ತಂದುಕೊಟ್ಟವರು ಬಂಜಾರರು. ಟಿಪ್ಪುವಿನ ಸೈನ್ಯಕ್ಕೂ ಬಂಜಾರರು ದವಸ ಒದಗಿಸಿದ್ದುಂಟು. ರಾಜರಿಗೆ ಗೆಲುವು ಸೋಲಿನ ಚಿಂತೆ, ಹೇರೆತ್ತಿನವರಿಗೆ ಹೇರಿನ ಚಿಂತೆ. ಮುಂದೆ ರಸ್ತೆ, ರೈಲು ಬಂದು ಎತ್ತಿನ ಬೆನ್ನು ಬರಿದಾಯಿತು. ಅದು ಸಾಲದೆಂಬಂತೆ 1871ರ ಕಾಯ್ದೆಯಡಿ ಅಲೆಮಾರಿಗಳನ್ನು ಹುಟ್ಟುಗಳ್ಳರೆಂದು ಪಟ್ಟಿಮಾಡಲು ತೊಡಗಿದ ಸರ್ಕಾರ ಹಲವೆಡೆ ಇವರನ್ನೂ ಅದಕ್ಕೆ ಸೇರಿಸಿತು. ಆ ಕಳಂಕ ಕಾಗದದ ಮೇಲಿಂದ ಅಳಿದದ್ದು 1952ರಲ್ಲಿ.

ಸೂರಗೊಂಡನಕೊಪ್ಪ ಸಮೀಪಿಸಿದಂತೆ ಹೆಂಗಸರ ಗುಂಪುಗಳು ದಟ್ಟವಾದವು. ಮುದುಕಿಯರ ಮೈಮೇಲೆ ಮಾತ್ರ ಇನ್ನೂ ಫೇಟಿಯಾ ಲಂಗ, ಕಾಂಚಳಿ ರವಿಕೆ. ಕನ್ನಡಿ ಚೂರುಗಳು ಬಿಸಿಲಿಗೆ ಚುಚ್ಚುತ್ತವೆ. ಮೊಳಕೈ ಮೇಲಿನ ಬಳೆ ಹಿಂದೆ ದಂತದ್ದಾಗಿತ್ತು, ಈಗ ಪ್ಲಾಸ್ಟಿಕ್ಕು. ಸೊಸೆಯಂದಿರದು ನೈಲಾನ್ ಸೀರೆ, ಮೊಮ್ಮಕ್ಕಳದು ಚೂಡಿದಾರ. ಇದನ್ನು ಕಂಡು ಮರುಗುವ ಸಂಸ್ಕೃತಿ ಪ್ರೇಮಿಗಳು ಆ ಕಸೂತಿಯ ಲಂಗ ಎಷ್ಟು ಭಾರವೆಂದು ಒಮ್ಮೆ ಕೈಯಲ್ಲಿ ಎತ್ತಿ ನೋಡಬೇಕು.

ಗುಡಿಗಳು ಎರಡು: ಸೇವಾಲಾಲರದ್ದು, ಮರಿಯಮ್ಮದೇವಿಯದ್ದು. ದೇವಿ ತನ್ನ ಭಕ್ತನಾಗೆಂದು ಕೇಳಿದಳಂತೆ, ಸೇವಾಲಾಲ ಒಲ್ಲೆ ಅಂದನಂತೆ. ಮುನಿದ ದೇವಿ ತಾಂಡಾಕ್ಕೆ ಕಷ್ಟದ ಮೇಲೆ ಕಷ್ಟ ತಂದ ಮೇಲೆಯೇ ಅವನು ಒಪ್ಪಿದ್ದು. ದೇವಿಯ ಎದುರೂ ಇಷ್ಟು ಹಟ ಹಿಡಿದವನನ್ನು ಜನ ತಮ್ಮವನೆಂದು ಎದೆಗಪ್ಪಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ? ಅಂಗಳದಲ್ಲಿ ಕೆಂಡದ ಮೇಲೆ ತುಪ್ಪ, ಸಿಹಿ ಸುರಿದು ಭೋಗ್ ಒಪ್ಪಿಸುತ್ತಿದ್ದರು. ಹೊಗೆ ಎದ್ದಂತೆ ತಲೆಗಳು ಬಾಗಿದವು, ಅರದಾಸ ಪ್ರಾರ್ಥನೆಯ ದನಿ ಏರಿತು, ಹಿಂದಿನಿಂದ ನಗಾರಿ ಮತ್ತು ಕಂಚಿನ ತಟ್ಟೆಯ ಸದ್ದು. ಸೇವಾಲಾಲರ ಸಮಾಧಿ ಇರುವುದು ಮಹಾರಾಷ್ಟ್ರದ ಪೊಹರಾದೇವಿಯಲ್ಲಿ. ಹುಟ್ಟಿಗೂ ಸಮಾಧಿಗೂ ನಡುವೆ ಇಡೀ ಉತ್ತರ ಕರ್ನಾಟಕವೇ ಹಾಸಿಕೊಂಡಿದೆ.

ನೆರಳಿನಲ್ಲಿ ಕುಳಿತಿದ್ದ ಜಗಳೂರು ಕಡೆಯ ಅಜ್ಜಿಯೊಬ್ಬರು ಪಾದಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮಗ, ಸೊಸೆ ಕಾಫಿತೋಟಕ್ಕೆ ಗುಳೆ ಹೋಗಿದ್ದಾರೆ. ಮಗಳು ಚನ್ನಗಿರಿಯಲ್ಲಿ ಅಡಿಕೆ ಸುಲಿಯುತ್ತಾಳೆ. ‘ಬಸ್ಸು ಬಿಟ್ಟಾರಲ್ಲ ಯಾಡಿ, ಯಾಕೆ ನಡೀತೀಯ?’ ಎಂದು ಮೇಷ್ಟ್ರು ನನ್ನ ಪರವಾಗಿ ಕೇಳಿದರು.

‘ಹೊಟ್ಟೆಪಾಡಿಗೆ ಹೋಗೋವಾಗ ಬಸ್ಸು ಹತ್ತೇ ಹತ್ತತೀವಲ್ಲಪ್ಪ’ ಎಂದ ಅಜ್ಜಿ, ನನ್ನ ಕಡೆ ತಿರುಗಿ ಎಲ್ಲಿಂದ ನಡೆದಿರಿ ಎಂದರು. ನ್ಯಾಮತಿಯಿಂದ ಎಂದೆ. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಪಕ್ಕದವಳಿಗೆ ಗೋರ್‌ಬೋಲಿಯಲ್ಲಿ ಏನೋ ಹೇಳಿದರು, ಇಬ್ಬರೂ ನಕ್ಕರು. ಮೇಷ್ಟ್ರು ಅದನ್ನು ಕನ್ನಡಕ್ಕೆ ತರಲು ಒಪ್ಪದೆ, ಊಟದ ಸಾಲು ಬೆಳೆಯುತ್ತಿದೆ ಬರ್ರಿ ಎಂದು ನನ್ನನ್ನು ಎಬ್ಬಿಸಿದರು.